ಜಡಿಮಳೆಯ ಊರಲ್ಲಿ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ ಕೇಳುವುದು ಹೇಗೆ

ಎಲೆಕ್ಟ್ರಾನಿಕ್ ಸಂಗೀತದ ಡಾಫ್ಟ್ ಪಂಕ್ ಜೋಡಿಯ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ ಬಂದದ್ದು 2013ರ ಮೇ ತಿಂಗಳಲ್ಲಿ. ಅಂದಿನಿಂದಲೂ ಅದರ ಬಗ್ಗೆ ಎರಡು ಮಾತು ಜೊತೆಜೊತೆಗೇ ಓಡಾಡುತ್ತಿವೆ. ಇಷ್ಟು ಚಂದವಾಗಿ ರೆಕಾರ್ಡ್ ಮಾಡಿದ ಡ್ಯಾನ್ಸ್ ಸಂಗೀತ ಆಮೇಲೆ ಬಂದಿಲ್ಲ ಅನ್ನುವುದು ಒಂದು. ಎಪ್ಪತ್ತರ ದಶಕದ ಡಿಸ್ಕೋಗೆ ದುಡ್ಡು ಸುರಿದು ಪಾಲಿಶ್ ಹಾಕಿದ್ದಾರೆ, ಅದರಲ್ಲಿ ಹೊಸತೇನಿದೆ ಅನ್ನುವುದು ಇನ್ನೊಂದು. ನಾನು ಮೊದಲನೆಯವರ ಕಡೆ. ಆದರೆ ಎರಡನೆಯವರು ಸುಳ್ಳು ಹೇಳುತ್ತಿದ್ದಾರೆ ಅನಿಸುವುದಿಲ್ಲ. ಅವರ ಕಿವಿಗೆ ತಲುಪಿದ್ದು ಆಲ್ಬಮ್ಮಿನ ಅರ್ಧ ಮಾತ್ರ ಅನಿಸುತ್ತದೆ. ಫೋನಿನ ಸ್ಪೀಕರಿನಲ್ಲೋ, ಸಿಗ್ನಲ್ ಬಿಟ್ಟುಬಿಟ್ಟು ಬರುವ ಸ್ಟ್ರೀಮಿಂಗಿನಲ್ಲೋ, ಹಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗಲೋ ಕೇಳಿದರೆ ಉಳಿಯುವುದು ರಾಗ ಮತ್ತು ಮಾತು. ಈ ಆಲ್ಬಮ್ಮಿನ ಬೆಲೆಯೆಲ್ಲ ಇರುವುದು ಡ್ರಮ್ಮು, ಬೇಸು, ಗಿಟಾರು ನುಡಿಸಿದ ಕೈಗಳಲ್ಲಿ. ಆ ಕೈ ಕೇಳಿಸದೆ ಹೋದರೆ ‘ಹಳೇ ಡಿಸ್ಕೋ’ ಅನ್ನುವ ತೀರ್ಪು ಸಹಜವಾಗಿಯೇ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಹೀಗೆ ಅರ್ಧ ಕೇಳುವುದೇ ಹೆಚ್ಚು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಥಾಮಸ್ ಬಾಂಗಾಲ್ತೇರ್ ಮತ್ತು ಗೀ-ಮಾನ್ವೆಲ್ ದ ಓಮೆಮ್-ಕ್ರಿಸ್ತೊ ಪ್ಯಾರಿಸ್‌ನವರು, 1993ರಲ್ಲಿ ಜೊತೆಯಾದವರು. 1997ರ ‘ಹೋಮ್‌ವರ್ಕ್’ ಮನೆಯಲ್ಲೇ, ಡ್ರಮ್ ಮಷಿನ್ನು, ಸಿಂತ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ), ಸ್ಯಾಂಪ್ಲರ್ (ರೆಕಾರ್ಡಿನ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರ) ಇಟ್ಟುಕೊಂಡು ಮಾಡಿದ ಆಲ್ಬಮ್. 2001ರ ‘ಡಿಸ್ಕವರಿ’ಯಲ್ಲಿ ಹಳೆಯ ರೆಕಾರ್ಡುಗಳ ತುಣುಕು ಕತ್ತರಿಸಿ ಹೊಲಿಯುವ ಕೆಲಸ ಜೋರಾಗಿತ್ತು. 2005ರ ‘ಹ್ಯೂಮನ್ ಆಫ್ಟರ್ ಆಲ್’ ಸುಮಾರು ಆರು ವಾರದಲ್ಲಿ ಮುಗಿಯಿತು, ಅದೇ ಅದೇ ಅಂತ ಬೈಸಿಕೊಂಡಿತು. ಆಮೇಲಿನದಕ್ಕೆ ಅವರು ದಿಕ್ಕನ್ನೇ ತಿರುಗಿಸಿದರು. 2008ರಲ್ಲಿ ಶುರುವಾದ ಕೆಲಸ 2012ರವರೆಗೆ ಎಳೆಯಿತು. ಖರ್ಚು ಹತ್ತು ಲಕ್ಷ ಡಾಲರ್ ದಾಟಿತು, ಅದನ್ನು ಹಾಕಿದ್ದೂ ಅವರೇ. ಇನ್ನೊಬ್ಬರ ಹಳೆಯ ರೆಕಾರ್ಡಿನಿಂದ ತುಣುಕು ತೆಗೆಯುವ ಬದಲು, ಅಂಥ ರೆಕಾರ್ಡುಗಳಲ್ಲಿ ನುಡಿಸಿದ್ದ ಕಲಾವಿದರನ್ನೇ ಸ್ಟುಡಿಯೊಗೆ ಕರೆಸಿದರು. ಡ್ರಮ್ಸಿಗೆ ಓಮರ್ ಹಕೀಮ್ ಮತ್ತು ಜಾನ್ ರಾಬಿನ್ಸನ್, ಬೇಸಿಗೆ ನೇಥನ್ ಈಸ್ಟ್ ಮತ್ತು ಜೇಮ್ಸ್ ಜೀನಸ್, ಗಿಟಾರಿಗೆ ನೈಲ್ ರಾಜರ್ಸ್ ಮತ್ತು ಪಾಲ್ ಜಾಕ್ಸನ್ ಜೂನಿಯರ್. ನುಡಿಸಿದ್ದನ್ನೆಲ್ಲ ಏಕಕಾಲಕ್ಕೆ ಟೇಪಿಗೂ ಕಂಪ್ಯೂಟರಿಗೂ ರೆಕಾರ್ಡ್ ಮಾಡಿದರು, ಆಮೇಲೆ ಯಾವ ವಾದ್ಯಕ್ಕೆ ಯಾವುದು ಒಪ್ಪುತ್ತದೋ ಅದನ್ನು ಇಟ್ಟುಕೊಂಡರು. 13 ಹಾಡು, 74 ನಿಮಿಷ. ಹೊರಗಿನ ಸ್ಯಾಂಪಲ್ ಇರುವುದು ಕೊನೆಯ ‘ಕಾಂಟ್ಯಾಕ್ಟ್’ನಲ್ಲಿ ಮಾತ್ರ. ಪೂರ್ತಿ ಎಲೆಕ್ಟ್ರಾನಿಕ್ ಅನ್ನಬಹುದಾದ ಹಾಡು ‘ಡೂಯಿನ್ ಇಟ್ ರೈಟ್’ ಒಂದೇ.

ಎಲೆಕ್ಟ್ರಾನಿಕ್ ಜೋಡಿಯೊಂದು ಮಷಿನ್ ಬದಿಗಿಟ್ಟಿತು ಅಂತ ಆಗ ಎಲ್ಲೆಡೆ ಬರೆದರು. ಅದು ಪೂರ್ತಿ ಸರಿಯಲ್ಲ. ಸ್ಯಾಂಪ್ಲರ್ ಹಿಡಿದವರ ಬುದ್ಧಿ ಇಲ್ಲೂ ಇದೆ. ಗಂಟೆಗಟ್ಟಲೆ ನುಡಿಸಿ, ಅದರೊಳಗಿನ ಒಳ್ಳೆಯ ಕೆಲವು ಆವರ್ತ ಆಯ್ದು, ಜೋಡಿಸಿ, ಮೇಲೆ ಸಿಂತ್ ಮತ್ತು ವೋಕೋಡರ್ (ಮನುಷ್ಯನ ದನಿಯನ್ನು ರೋಬೊ ದನಿಯಾಗಿಸುವ ಯಂತ್ರ) ಹಾಸಿದ್ದಾರೆ. ಸ್ಯಾಂಪಲ್ ಮಾಡುವುದಕ್ಕೆ ಬೇಕಾದ ಹಳೆಯ ರೆಕಾರ್ಡನ್ನು ಅವರೇ ಹೊಸದಾಗಿ ತಯಾರಿಸಿಕೊಂಡರು ಅಂದರೆ ಸರಿಯಾದೀತು. ‘ಟಚ್’ ಅನ್ನುವ ಎಂಟು ನಿಮಿಷದ ಹಾಡೊಂದರಲ್ಲೇ ಬೇರೆಬೇರೆಯಾಗಿ ರೆಕಾರ್ಡ್ ಮಾಡಿದ 250ಕ್ಕೂ ಹೆಚ್ಚು ಅಂಶಗಳಿವೆ.

ಸ್ವಾಗತದ ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಮೊದಲ ವಾರವೇ 3,39,000 ಪ್ರತಿ ಹೋಗಿ, ಅಲ್ಲಿನ ಆಲ್ಬಮ್ ಪಟ್ಟಿಯಲ್ಲಿ ಅವರಿಗೆ ಮೊದಲ ಬಾರಿ ಒಂದನೇ ಸ್ಥಾನ ಸಿಕ್ಕಿತು. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 100ಕ್ಕೆ 87, ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕ್‌ನಲ್ಲಿ 10ಕ್ಕೆ 8.8. ‘ಗೆಟ್ ಲಕಿ’ ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು, ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ. 2014ರ ಜನವರಿ 26ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್, ವರ್ಷದ ರೆಕಾರ್ಡ್, ಜೋಡಿ-ತಂಡದ ಪಾಪ್ ಗಾಯನ, ಡ್ಯಾನ್ಸ್ ಆಲ್ಬಮ್, ಜೊತೆಗೆ ಶಾಸ್ತ್ರೀಯವಲ್ಲದ ವಿಭಾಗದ ಶ್ರೇಷ್ಠ ಧ್ವನಿಮುದ್ರಣ ಪ್ರಶಸ್ತಿ. ಈ ಐದರಲ್ಲಿ ನನ್ನ ಮಟ್ಟಿಗೆ ಕೊನೆಯದೇ ದೊಡ್ಡದು. ವಾದ್ಯ-ದನಿಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡಿದ ಮಿಕ್ ಗುಝೌಸ್ಕಿ, ಕೊನೆಯ ಹದ ಕೊಟ್ಟು ಮಾಸ್ಟರಿಂಗ್ ಮಾಡಿದ ಬಾಬ್ ಲಡ್ವಿಗ್ ಅವರ ಕೆಲಸ ಕಿವಿಗೆ ಬಿದ್ದ ಮೇಲೆ ಉಳಿದ ನಾಲ್ಕರ ಬಗ್ಗೆ ವಾದ ಮಾಡಬಹುದು, ಇದರ ಬಗ್ಗೆ ಕಷ್ಟ.

ಆಕ್ಷೇಪಗಳಲ್ಲೂ ಹುರುಳಿದೆ. ಆಲ್ಬಮ್ ಉದ್ದವಾಯಿತು, ನಿಧಾನವಾಯಿತು, ಕುಣಿಯಲಿಕ್ಕೆ ಬಂದವರನ್ನು ಕೂರಿಸಿಬಿಟ್ಟಿತು ಅಂದವರಿದ್ದಾರೆ. ನನಗೂ ‘ಬಿಯಾಂಡ್’ ಸೊರಗಿದಂತೆಯೇ ಕಾಣುತ್ತದೆ. ಮೇಳದ ವಾದ್ಯಗಳ ಭರ್ಜರಿ ಆರಂಭ ಕೊಟ್ಟು ಆಮೇಲೆ ಎಲ್ಲಿಗೂ ಹೋಗುವುದಿಲ್ಲ. ‘ದಿ ಗೇಮ್ ಆಫ್ ಲವ್’ ಎರಡನೆಯ ಹಾಡಾಗಿ ಬಂದದ್ದು ಎಷ್ಟೋ ಜನರನ್ನು ಅಲ್ಲೇ ಬಿಡಿಸಿರಬೇಕು. ಆದರೆ ಮೊದಲ ಮೂರು ಹಾಡು ಎ ಮೈನರ್‌ನಲ್ಲಿವೆ, ನಾಲ್ಕನೆಯ ‘ವಿದಿನ್’ನ ಶುರುವಿನಲ್ಲಿ ಚಿಲ್ಲಿ ಗೊನ್ಸಾಲೆಸ್ ಅವರ ಪಿಯಾನೊ ಆ ಶ್ರುತಿಯಿಂದ ಅರ್ಧ ಸ್ವರ ಮೇಲಿನ ಬಿ ಫ್ಲ್ಯಾಟ್ ಮೈನರ್‌ಗೆ ಕೈಹಿಡಿದು ದಾಟಿಸುತ್ತದೆ. ಹಾಡುಗಳನ್ನು ಕಲಸಿ ಶಫಲ್‌ನಲ್ಲಿ ಕೇಳಿದರೆ ಈ ದಾಟು ಇಲ್ಲವೇ ಇಲ್ಲ. ಆದ್ದರಿಂದ ಮೊದಲ ಕೆಲಸ ಶಫಲ್ ಆಫ್ ಮಾಡುವುದು. ಹಾಡಿನ ಕೊನೆ-ಮೊದಲನ್ನು ಬೆರೆಸುವ ಕ್ರಾಸ್‌ಫೇಡ್ ಸೆಟ್ಟಿಂಗನ್ನೂ ಸೊನ್ನೆಗೆ ತನ್ನಿ.

ಎರಡನೆಯದು ಫೈಲು. ನಮ್ಮ ಕಡೆ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆ್ಯಪ್ ‘ಆಟೊ’ ಗುಣಮಟ್ಟದಲ್ಲಿದ್ದರೆ ಸಿಗ್ನಲ್ ಇಳಿದ ಹಾಗೆ ಹಾಡನ್ನೂ ಸದ್ದಿಲ್ಲದೆ ಇಳಿಸುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಬರುವ ಡೇಟಾ ಕಡಿಮೆಯಾದಾಗ) ಮೊದಲು ಹಾಳಾಗುವುದು ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಾದ ಹೈ-ಹ್ಯಾಟ್ ಮತ್ತು ಸಿಂಬಲ್, ಲೋಹದ ಕಿಣಿಕಿಣಿ ಹೋಗಿ ನೀರು ಕಲಸಿದಂಥ ಸಳಸಳ ಉಳಿಯುತ್ತದೆ. ಈ ಆಲ್ಬಮ್ಮಿನಲ್ಲಿ ಹಕೀಮ್ ಮತ್ತು ರಾಬಿನ್ಸನ್ ಅವರ ಅರ್ಧ ಮಾತು ಹೈ-ಹ್ಯಾಟಿನಲ್ಲೇ ಇದೆ. ಹಾಗಾಗಿ ಸಿಗ್ನಲ್ ಚೆನ್ನಾಗಿರುವ ಕಡೆ, ಗುಣಮಟ್ಟ ಮೇಲಿನದಕ್ಕೆ ಹಾಕಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. 320 ಕೆಬಿಪಿಎಸ್‌ನಲ್ಲಾದರೆ ಇಡೀ ಆಲ್ಬಮ್ ಸುಮಾರು 180 ಎಂಬಿ, ಸಿ.ಡಿ. ಗುಣಮಟ್ಟದ ಫ್ಲ್ಯಾಕ್ (ಏನನ್ನೂ ಕಳೆಯದೆ ಕುಗ್ಗಿಸಿದ) ಫೈಲಾದರೆ ಹತ್ತಿರಹತ್ತಿರ 500 ಎಂಬಿ. ಇನ್ನೂ ಸೂಕ್ಷ್ಮವಾದ 24 ಬಿಟ್, 88.2 ಕಿಲೊಹರ್ಟ್ಜ್‌ನ ಆವೃತ್ತಿಯೂ ಇದೆ. ಸಾಧಾರಣ ಹೆಡ್‌ಫೋನಿಗೆ ಅದಕ್ಕಾಗಿ ಹೆಚ್ಚಿಗೆ ಹಣ ಕೊಡಬೇಕಾಗಿಲ್ಲ. ಬೇಸ್ ಬೂಸ್ಟ್, ತ್ರೀಡಿ, ಸರೌಂಡ್ ಅಂತ ಇರುವುದನ್ನೆಲ್ಲ ಆಫ್ ಮಾಡುವುದು ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಈಗ ಮಳೆ. ಆರಿದ್ರಾ ಹಿಡಿದು ಆಶ್ಲೇಷದವರೆಗೆ ಹಂಚಿನ ಮನೆಯೊಳಗೆ ಒಂದು ಹೊರೆ ಸದ್ದು ಯಾವಾಗಲೂ ಇರುತ್ತದೆ, ತಗಡಿನ ಶೀಟು ಹೊದಿಸಿದ ಮನೆಯಾದರೆ ಎದುರು ಕೂತವರ ಮಾತೂ ಕೇಳದು. ಮಳೆಯ ಸದ್ದು ಒಂದು ಸ್ವರವಲ್ಲ, ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳಲ್ಲೂ ಹರಡಿಕೊಂಡ ಸದ್ದು. ಅದಕ್ಕೇ ಅದು ಹಾಡಿನ ಮೆಲ್ಲನೆಯ ಭಾಗಗಳನ್ನೆಲ್ಲ ಮುಚ್ಚಿಬಿಡುತ್ತದೆ. ವಾಲ್ಯೂಮ್ ಏರಿಸಿದರೆ ಸರಿಹೋಗುತ್ತದೆ ಅನಿಸುವುದು ಸಹಜ, ಆದರೆ ಈ ಆಲ್ಬಮ್ಮಿಗೆ ಅದು ನಡೆಯುವುದಿಲ್ಲ. ಇದನ್ನು ಆ ಕಾಲದ ಬಹಳಷ್ಟು ಡ್ಯಾನ್ಸ್ ಆಲ್ಬಮ್ಮುಗಳ ಹಾಗೆ ಒಂದೇ ಎತ್ತರಕ್ಕೆ ಅದುಮಿಲ್ಲ. ‘ಟಚ್’ನ ಆರಂಭ ಕೇಳುವಷ್ಟು ಏರಿಸಿದರೆ, ಹಿತ್ತಾಳೆ ವಾದ್ಯಗಳು ಬಂದಾಗ ಕಿವಿ ಚುಚ್ಚುತ್ತದೆ. ಇಳಿಸಿದರೆ ‘ವಿದಿನ್’ನ ಪಿಯಾನೊ ಮಳೆಗೆ ಸೇರಿಹೋಗುತ್ತದೆ. ಆಗ ಉಳಿಯುವ ದಾರಿ ಎರಡೇ. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಇರುವ ವೈರ್ ಹೆಡ್‌ಫೋನ್ ಒಂದು. ಮಳೆ ಹೊಳವು ಕೊಡುವ ತನಕ ಕಾಯುವುದು ಇನ್ನೊಂದು. ಸದ್ದು ತಡೆಯುವ ಎಲೆಕ್ಟ್ರಾನಿಕ್ ಹೆಡ್‌ಫೋನುಗಳು ಮಳೆಯ ಕೆಳಗಿನ ಗುಡುಗುಡು ತೆಗೆಯುತ್ತವೆ, ಮೇಲಿನ ಚಟಪಟ ಅಷ್ಟಾಗಿ ತೆಗೆಯುವುದಿಲ್ಲ. ಅದನ್ನು ತಡೆಯುವುದು ಕಿವಿಮೆತ್ತೆಯ ದಪ್ಪ.

ಸ್ಪೀಕರಿನಲ್ಲಿ ಕೇಳುವವರು ಕೋಣೆಯನ್ನು ನೋಡಿಕೊಳ್ಳಬೇಕು. 12 ಅಡಿ ಉದ್ದದ ಕೋಣೆ 47 ಹರ್ಟ್ಜ್ ಆಸುಪಾಸಿನ ಸ್ವರವನ್ನು ತಾನಾಗಿ ಉಬ್ಬಿಸುತ್ತದೆ, 10 ಅಡಿಯ ಅಗಲ 56ರ ಸುತ್ತ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರಗಳು ಶುರುವಾಗುವುದೇ 41ರಿಂದ. ಅಂದರೆ ನೇಥನ್ ಈಸ್ಟ್ ಸಮವಾಗಿ ನುಡಿಸಿದ ಸಾಲಿನಲ್ಲಿ ಒಂದೆರಡು ಸ್ವರ ಮಾತ್ರ ಭೋಂ ಅನ್ನುತ್ತವೆ, ಪಕ್ಕದ ಸ್ವರ ಕಾಣೆಯಾಗುತ್ತದೆ, ಕೇಳುವವರಿಗೆ ಬೇಸ್ ಒರಟು ಅನಿಸುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದಷ್ಟೂ ಇದು ಹೆಚ್ಚು. ಹಿಂದಿನ ಗೋಡೆಯಿಂದ ಎರಡು ಅಡಿಯಾದರೂ ಮುಂದಿಡಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮತ್ರಿಕೋನವಾಗಲಿ, ಐದಾರು ಅಡಿ ಸಾಕು. ಟ್ವೀಟರ್, ಅಂದರೆ ಮೇಲಿನ ಸ್ವರ ಹೊರಡಿಸುವ ಸಣ್ಣ ಭಾಗ, ಕಿವಿಯ ಎತ್ತರಕ್ಕೆ ಬರಲಿ. ಕೂರುವ ಜಾಗ ಕೋಣೆಯ ನಟ್ಟನಡುವೆ ಬೇಡ, ಅಲ್ಲಿ ಕೆಲವು ಬೇಸ್ ಸ್ವರ ಹೆಚ್ಚುಕಡಿಮೆ ಸತ್ತೇಹೋಗುತ್ತವೆ. ಕೆಂಪು ಗಾರೆಯ ನೆಲ ಸದ್ದನ್ನು ಹಾಗೇ ವಾಪಸ್ ಎಸೆಯುತ್ತದೆ, ಮುಂದೆ ಒಂದು ಜಮಖಾನ ಹಾಸಿ, ಪಕ್ಕದ ಬರಿಗೋಡೆಗೆ ಕಂಬಳಿ ತೂಗುಹಾಕಿ. ಕಂಬಳಿ ಚಪ್ಪಾಳೆ-ಸಿಂಬಲ್ಲಿನ ಪ್ರತಿಧ್ವನಿ ಹೀರುತ್ತದೆ, ಬೇಸಿಗೆ ಏನೂ ಮಾಡುವುದಿಲ್ಲ. ಮರದ ಅಟ್ಟ ಇರುವ ಹಳೆಯ ಮನೆಗಳಲ್ಲಿ ಬೇಸ್ ಸಿಮೆಂಟ್ ತಾರಸಿಯ ಮನೆಗಿಂತ ಚೆನ್ನಾಗಿ ಕೂರುತ್ತದೆ, ಯಾಕೆಂದರೆ ಹಲಗೆ ಸ್ವಲ್ಪ ಅಲುಗಿ ಆ ಶಕ್ತಿಯನ್ನು ತಿಂದುಹಾಕುತ್ತದೆ. ಆದರೆ ಅಟ್ಟದ ಮೇಲಿಟ್ಟ ಪಾತ್ರೆ-ಡಬ್ಬಿಗಳು ಗಿಲಗಿಲ ಅಂದರೆ ಅವನ್ನು ಇಳಿಸಬೇಕು. ಅದನ್ನು ಸ್ಪೀಕರಿನ ದೋಷ ಅಂದುಕೊಂಡು ರಿಪೇರಿಗೆ ಒಯ್ಯುವವರಿದ್ದಾರೆ.

ಕರೆಂಟಿನ ವಿಷಯ. ಇನ್ವರ್ಟರ್ ಅಗ್ಗದ್ದಾದರೆ ಚೌಕ ಅಲೆಯ ವಿದ್ಯುತ್ ಕೊಡುತ್ತದೆ, ಆಂಪ್ಲಿಫೈಯರ್ ಝುಯ್ಯೆಂದು ಕೂಗುತ್ತದೆ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಇದಿಲ್ಲ. ಕರೆಂಟಿದ್ದಾಗಲೂ ಗುಂಯ್ ಅನ್ನುತ್ತಿದ್ದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತುತ್ತಿದೆ ಅಂತ ಅರ್ಥ, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯ ಯಾರು ಹೇಳಿದರೂ ಬೇಡ, ಒದ್ದೆ ನೆಲದ ಮೇಲೆ ನಿಂತವರಿಗೆ ಅದು ಪ್ರಾಣಾಪಾಯ. ಈ ಗುಂಯ್ ಇರುವುದು 50 ಮತ್ತು 100 ಹರ್ಟ್ಜ್‌ನಲ್ಲಿ, ಅಂದರೆ ಸರಿಯಾಗಿ ಬೇಸ್ ಗಿಟಾರ್ ಓಡಾಡುವ ಜಾಗದಲ್ಲಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು, ನೆಟ್ ಕೇಬಲನ್ನೂ.

ಎಲ್.ಪಿ. ಇಟ್ಟುಕೊಂಡವರಿಗೆ ಒಂದು ಮಾತು: ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಮೊದಲು ಒಳಗಿನ ಕಾಗದದ ಕವರಿಗೆ. ಕಾಗದ ತೆಗೆದು ಪ್ಲಾಸ್ಟಿಕ್ ಒಳಕವರ್ ಹಾಕಿ, ನೆಟ್ಟಗೆ ನಿಲ್ಲಿಸಿ, ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಒಣಗಿಸಿ.

ಇಷ್ಟು ಸಿದ್ಧವಾದ ಮೇಲೆ ಕೇಳಬೇಕಾದದ್ದು ‘ಜಾರ್ಜೊ ಬೈ ಮೊರೊಡರ್’. ಒಂಬತ್ತು ನಿಮಿಷದ ಇದು ಇಡೀ ಆಲ್ಬಮ್ಮಿನ ವಾದವನ್ನು ಮುಂದಿಡುವ ಹಾಡು. 1977ರಲ್ಲಿ ಗಾಯಕಿ ಡೋನ ಸಮ್ಮರ್ ಅವರಿಗಾಗಿ ಹೆಚ್ಚುಕಡಿಮೆ ಪೂರ್ತಿ ಸಿಂತ್‌ನ ಡಿಸ್ಕೋ ಮಾಡಿ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ದಾರಿ ತೆರೆದ ಜಾರ್ಜೊ ಮೊರೊಡರ್ ಇಲ್ಲಿ ಹಾಡುವುದಿಲ್ಲ, ತನ್ನ ಬದುಕಿನ ಬಗ್ಗೆ ಮಾತಾಡುತ್ತಾರೆ. ಆ ಮಾತನ್ನು ಬೇರೆಬೇರೆ ಕಾಲದ ಮೈಕುಗಳಲ್ಲಿ ರೆಕಾರ್ಡ್ ಮಾಡಿದ್ದಾರೆ. 24 ಟ್ರ್ಯಾಕ್ ಟೇಪಿನಲ್ಲಿ ಲಯ ತೋರಿಸುವ ಒಂದು ಕ್ಲಿಕ್ ಹಾಕಿ ಅದಕ್ಕೆ ಮೂಗ್ ಕಂಪನಿಯ ಸಿಂತನ್ನು ಕಟ್ಟಿದ ಕತೆ ಅವರು ಹೇಳುವಾಗ ಹಾಡಿನಲ್ಲೂ ಆ ಕ್ಲಿಕ್ ಟಿಕ್ ಟಿಕ್ ಅಂತ ಬರುತ್ತದೆ, ಅದರ ಮೇಲೆ ಸಿಂತ್ ಏಳುತ್ತದೆ. ಮಷಿನ್ನಿನ ಕಾಲ ಅಲ್ಲಿ ಶುರುವಾಗುತ್ತದೆ. ಕೊನೆಯ ಭಾಗದಲ್ಲಿ ಹಕೀಮ್ ಅದೇ ಕಾಲದ ಮೇಲೆ ಮನುಷ್ಯನ ಕೈ ಏನೇನು ಮಾಡಬಲ್ಲದು ಅಂತ ತೋರಿಸುತ್ತಾರೆ. ಯಕ್ಷಗಾನ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರ ತಾಳ ನೇರ ನಿಂತಿದ್ದರೂ ಚೆಂಡೆಯವರು ಅದರ ಕೂದಲೆಳೆ ಮುಂದೆ-ಹಿಂದೆ ಆಡುತ್ತಾ ಪಾತ್ರವನ್ನು ಎತ್ತುತ್ತಾರಲ್ಲ, ಆ ಕಿವಿಯನ್ನೇ ಇಲ್ಲಿಗೂ ಕೊಡಿ. ಹೊಸ ಸಂಗೀತವಲ್ಲ ಅಂದವರು ಈ ಹಾಡಿನ ಕೊನೆಯ ಮೂರು ನಿಮಿಷವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ಅದೇ ಮಾತು ಹೇಳಿದರೆ ಆಗ ವಾದ ಮಾಡೋಣ.

ಶಿವಮೊಗ್ಗದ ಆರ್ಕೆಸ್ಟ್ರಾ ಹುಡುಗರಿಗೆ ‘ಗೆಟ್ ಲಕಿ’ ಸುಲಭ ಅನಿಸುತ್ತದೆ. ನಿಮಿಷಕ್ಕೆ 116 ಬೀಟು, ನಾಲ್ಕೇ ಕಾರ್ಡು: ಬಿ ಮೈನರ್, ಡಿ, ಎಫ್ ಶಾರ್ಪ್ ಮೈನರ್, ಇ. ಹಾಡಿಡೀ ಅದೇ ಸುತ್ತು. ಕೆಡುವುದು ಕೀಬೋರ್ಡಿನ ‘ಡಿಸ್ಕೋ’ ಸ್ಟೈಲ್ ಒತ್ತಿದಾಗ. ಆಗ ಬೇಸು, ಡ್ರಮ್ಮು, ಗಿಟಾರು ಮೂರೂ ಕಾರ್ಖಾನೆಯಲ್ಲಿ ಕೂಡಿಸಿಟ್ಟ ಮಾದರಿಗೆ ಬೀಳುತ್ತವೆ. ಸ್ಟೈಲ್ ಆಫ್ ಮಾಡಿ ಗಿಟಾರಿನಿಂದ ಶುರುಮಾಡಿ. ಬಲಗೈ ಒಂದು ಬೀಟಿಗೆ ನಾಲ್ಕು ಸಲ, ಅಂದರೆ ಸುಮಾರು 129 ಮಿಲಿಸೆಕೆಂಡಿಗೊಮ್ಮೆ, ಕೆಳಗೆ-ಮೇಲೆ ನಿಲ್ಲದೆ ಓಡಬೇಕು. ಎಡಗೈ ಬೆರಳು ಸಡಿಲಿಸಿದಾಗ ತಂತಿ ‘ಚಿಕ್’ ಅನ್ನಬೇಕು, ಒತ್ತಿದಾಗ ಮಾತ್ರ ಕಾರ್ಡ್ ಕೇಳಬೇಕು. ರಾಜರ್ಸ್ ಅವರ ವರಸೆ ಇರುವುದು ಈ ಎಡಗೈಯಲ್ಲಿ. ತೆಳು ತಂತಿ ಮೂರ್ನಾಲ್ಕು ಸಾಕು, ಆರೂ ತಂತಿ ಮೀಟಿದರೆ ಬೇಸಿನ ಜಾಗ ತುಂಬಿಹೋಗಿ ಎರಡೂ ಮಸುಕಾಗುತ್ತವೆ. ಆಂಪ್ಲಿಫೈಯರಿನ ಡಿಸ್ಟಾರ್ಷನ್ ಸೊನ್ನೆ. ಡ್ರಮ್ಮರ್ ಕ್ಲಿಕ್ ಕೇಳುತ್ತಾ ನುಡಿಸಲಿ, ಆದರೆ ರೆಕಾರ್ಡ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಪೆಟ್ಟನ್ನೂ ತಾಳದ ಗ್ರಿಡ್ಡಿಗೆ ಎಳೆದು ಕೂರಿಸಬೇಡಿ. ಹತ್ತು ನಿಮಿಷ ನುಡಿಸಿ, ಅದರಲ್ಲಿ ಚೆನ್ನಾಗಿ ಕೂತ ನಾಲ್ಕೋ ಎಂಟೋ ಆವರ್ತ ಆಯ್ದುಕೊಳ್ಳಿ. ಆಲ್ಬಮ್ಮಿನಲ್ಲಿ ಆದದ್ದೂ ಹೀಗೆಯೇ.

ರೋಬೊ ದನಿಯನ್ನು ಕನ್ನಡದಲ್ಲಿ ಮಾಡಲು ಹೋಗುವವರಿಗೆ ಬೇರೆಯೇ ತೊಡಕು. ವೋಕೋಡರ್ ಮಾತನ್ನು ಹತ್ತಿಪ್ಪತ್ತು ಆವರ್ತನದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಏರಿಳಿತವನ್ನು ಸಿಂತ್‌ನ ಸ್ವರದ ಮೇಲೆ ಹೇರುತ್ತದೆ. ಆ, ಈ, ಓ ಥರದ ದೀರ್ಘ ಸ್ವರಗಳು ಅದ್ಭುತವಾಗಿ ನಿಲ್ಲುತ್ತವೆ. ಸ, ಶ, ಚ ಮಾಯವಾಗುತ್ತವೆ, ಯಾಕೆಂದರೆ ಅವು ಬರೀ ಗಾಳಿಯ ಸದ್ದು, ಸಿಂತ್‌ನಲ್ಲಿ ಅದಕ್ಕೆ ಸಾಮಗ್ರಿ ಇಲ್ಲ. ಸಿಂತ್‌ಗೆ ಸ್ವಲ್ಪ ನಾಯ್ಸ್ ಬೆರೆಸಿ, ಇಲ್ಲವೇ ಮೂಲ ದನಿಯ 5 ಕಿಲೊಹರ್ಟ್ಜ್‌ಗಿಂತ ಮೇಲಿನ ಭಾಗವನ್ನಷ್ಟೇ ತೆಳುವಾಗಿ ಸೇರಿಸಿ. ಒತ್ತಕ್ಷರ ಇನ್ನೂ ಕಷ್ಟ. ‘ಅಕ್ಕ’ದ ನಡುವೆ ಒಂದು ಕ್ಷಣದ ಮೌನ ಇದೆ, ವೋಕೋಡರಿನ ರಿಲೀಸ್ (ಸದ್ದು ಆರಲು ಹಿಡಿಯುವ ಹೊತ್ತು) ಉದ್ದ ಇದ್ದರೆ ಹಿಂದಿನ ಸ್ವರ ಆ ಮೌನದೊಳಕ್ಕೆ ಸೋರಿ ‘ಅಕ’ ಆಗುತ್ತದೆ. ರಿಲೀಸನ್ನು 20–30 ಮಿಲಿಸೆಕೆಂಡಿಗೆ ಇಳಿಸಿ, ಹಾಡುವವರು ಒತ್ತನ್ನು ಬೇಕೆಂದೇ ಹೆಚ್ಚು ಹಿಡಿಯಲಿ. ಸಿಂತ್‌ಗೆ ಗರಗಸದ ಹಲ್ಲಿನಂಥ ಸಾ-ಟೂತ್ ಅಲೆ ಕೊಡಿ, ಸೈನ್ ಅಲೆಯಲ್ಲಿ ಮೇಲಿನ ಪಟ್ಟಿಗಳಿಗೆ ಸಿಗುವುದೇನೂ ಇರುವುದಿಲ್ಲ.

ಜೋಡಿ ಬೇರೆಯಾದದ್ದು 2021ರ ಫೆಬ್ರುವರಿ 22ರಂದು. ಆಮೇಲೆ ಬಂದ ಎರಡು ಆವೃತ್ತಿಗಳು ಈ ಆಲ್ಬಮ್ಮನ್ನು ಕಲಿಯುವವರಿಗೆ ತುಂಬ ಉಪಯೋಗದವು. 2023ರ ಮೇ ತಿಂಗಳಿನ ಹತ್ತನೇ ವರ್ಷದ ಆವೃತ್ತಿಯಲ್ಲಿ ಗಾಯಕ-ನಿರ್ಮಾಪಕ ಟಾಡ್ ಎಡ್ವರ್ಡ್ಸ್ ಜೊತೆ ‘ಫ್ರ್ಯಾಗ್ಮೆಂಟ್ಸ್ ಆಫ್ ಟೈಮ್’ ಹಾಡು ಕಟ್ಟಿದ ಹೊತ್ತಿನ ಮಾತುಕತೆಯ ರೆಕಾರ್ಡಿಂಗ್ ಇದೆ, ಒಂದು ಸಾಲು ಹೇಗೆ ಹುಟ್ಟಿ ಹೇಗೆ ಬದಲಾಗುತ್ತದೆ ಅಂತ ಅದರಲ್ಲಿ ಕಿವಿಯಾರೆ ಕೇಳಬಹುದು. ಅದೇ ವರ್ಷದ ನವೆಂಬರಿನಲ್ಲಿ ಬಂದ ‘ಡ್ರಮ್‌ಲೆಸ್ ಎಡಿಷನ್’ನಲ್ಲಿ ಡ್ರಮ್ಮು, ತಾಳವಾದ್ಯಗಳನ್ನೆಲ್ಲ ತೆಗೆದುಹಾಕಿದ್ದಾರೆ. ‘ಗಿವ್ ಲೈಫ್ ಬ್ಯಾಕ್ ಟು ಮ್ಯೂಸಿಕ್’ ಹಾಡನ್ನು ಮೊದಲು ಮೂಲದಲ್ಲಿ, ಆಮೇಲೆ ಡ್ರಮ್ ಇಲ್ಲದೆ, ಮತ್ತೆ ಮೂಲದಲ್ಲಿ, ವಾಲ್ಯೂಮ್ ಮುಟ್ಟದೆ ಕೇಳಿ. ಎರಡನೆಯ ಸುತ್ತಿನಲ್ಲಿ ಬೇಸ್ ಮತ್ತು ಗಿಟಾರ್ ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಅನ್ನುವುದು ಬಿಚ್ಚಿಕೊಳ್ಳುತ್ತದೆ, ಮೂರನೆಯ ಸುತ್ತಿನಲ್ಲಿ ರಾಬಿನ್ಸನ್ ಅವರ ಪೆಟ್ಟು ಅವೆರಡರ ನಡುವಿನ ಯಾವ ಸಂದಿಯಲ್ಲಿ ಬೀಳುತ್ತದೆ ಅನ್ನುವುದು. ‘ಜಾರ್ಜೊ ಬೈ ಮೊರೊಡರ್’ಗೂ ಹೀಗೇ ಮಾಡಿ. ‘ಕಾಂಟ್ಯಾಕ್ಟ್’ಗೆ ಮಾತ್ರ ವಾಲ್ಯೂಮ್ ಸ್ವಲ್ಪ ಇಳಿಸಿಕೊಂಡೇ ಕೂರಿ. ಅಪೊಲೊ 17ರ ಗಗನಯಾತ್ರಿ ಯುಜೀನ್ ಸರ್ನನ್ ಅವರ ದನಿಯಿಂದ ಶುರುವಾಗಿ ಅದು ಕೊನೆಯಲ್ಲಿ ಬರೀ ಸದ್ದಾಗಿ ಏರುತ್ತಲೇ ಹೋಗುತ್ತದೆ, ಸಣ್ಣ ಸ್ಪೀಕರಿನ ಟ್ವೀಟರ್ ಅದನ್ನು ತಾಳಿಕೊಳ್ಳುವುದಿಲ್ಲ.